ಕ್ಯಾರವಾನಿನ ಕರೆಂಟು: ಕಿಲುಬು ಹಿಡಿದ ಒಂದು ಬೋಲ್ಟಿನವರೆಗೆ

ಪಂಪು ಹಾಕಿದ ಕೂಡಲೇ ದೀಪಗಳು ಮಂಕಾಗುತ್ತವೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಫ್ರಿಜ್ ತಾನಾಗಿ ನಿಂತು ಕೆಂಪು ದೀಪ ಮಿಟುಕಿಸುತ್ತದೆ. ಬೆಳಿಗ್ಗೆ ಬ್ಯಾಟರಿಗೆ ಮೀಟರ್ ಹಿಡಿದರೆ 12.5 ವೋಲ್ಟ್.

ನವೆಂಬರ್ ಕೊನೆಯ ವಾರ ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡ ಮೊದಲ ಮೂರು ಸಾಲು ಇವು. ಮೂರನೆಯ ಸಾಲಿನ ಪಕ್ಕದಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಬ್ಯಾಟರಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಚಾರ್ಜ್ ಉಳಿದಿದ್ದರೂ ಫ್ರಿಜ್ ಏಕೆ ನಿಂತಿತು?

ನಮ್ಮದು ಆಲ್ದೂರಿನ ಕಡೆಯ ಸಣ್ಣ ಕಾಫಿ ತೋಟ. ಕೊಯ್ಲು ಶುರುವಾದರೆ ಕಣದಲ್ಲಿ ಹಗಲಿರುಳು ಯಾರಾದರೂ ಇರಲೇಬೇಕು. ಒಂದು ಮೋಡ ತೇಲಿ ಬಂದರೂ ಹರಡಿದ ಕಾಫಿಯನ್ನು ಒಟ್ಟುಮಾಡಿ ಟಾರ್ಪಾಲು ಎಳೆಯಬೇಕು. ರಾತ್ರಿ ಕಳ್ಳರ ಭಯ ಬೇರೆ. ಕಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ಚಳಿಗೆ ಮುದುರಿ ಮಲಗಿದ್ದು ಸಾಕಾಗಿ, ಜೂನ್ ತಿಂಗಳಲ್ಲಿ ಬೆಂಗಳೂರಿನಿಂದ ಒಂದು ಹಳೆಯ ಕ್ಯಾರವಾನ್ ತಂದೆ. ಜೀಪಿನ ಹಿಂದೆ ಕಟ್ಟಿ ಎಳೆಯುವ ಗಾಡಿ. ಇಬ್ಬರು ಮಲಗುವ ಜಾಗ, ಒಂದು ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಸಣ್ಣ ಪಂಪು, ಹತ್ತು ಲೀಟರಿನ ಗೀಸರ್, ಹನ್ನೆರಡು ವೋಲ್ಟಿನ ಪೆಟ್ಟಿಗೆ ಫ್ರಿಜ್, ಹಾಸಿಗೆಯ ಕೆಳಗೆ ನೂರು ಆಂಪಿಯರ್-ಅವರ್ ಬ್ಯಾಟರಿ, ಮಾಡಿನ ಮೇಲೆ ಒಂದು ಸೋಲಾರ್ ಪ್ಯಾನೆಲ್. ಕೊಯ್ಲಿನಲ್ಲಿ ಕಣದ ಕಾವಲಿಗೆ, ಕೊಯ್ಲು ಮುಗಿದ ಮೇಲೆ ಹೆಂಡತಿಯೊಂದಿಗೆ ಬೇಲೂರು, ಗೊರೂರು, ಶೆಟ್ಟಿಹಳ್ಳಿ ಸುತ್ತುವುದಕ್ಕೆ ಎಂಬುದು ಲೆಕ್ಕಾಚಾರ. ಹಾಸನ ದಾಟುವ ಮೊದಲೇ ಮಳೆ ಹಿಡಿಯಿತು. ಅಂದಿನಿಂದ ಸೆಪ್ಟೆಂಬರ್ ತನಕ ಗಾಡಿ ಟಾರ್ಪಾಲಿನ ಕೆಳಗೇ ಇತ್ತು. ಮಲೆನಾಡಿನ ನಾಲ್ಕು ತಿಂಗಳ ತೇವ ಟಾರ್ಪಾಲಿಗೆ ಬಗ್ಗುವುದಿಲ್ಲ. ಚರ್ಮದ ಚಪ್ಪಲಿಗೆ ಬೂಸ್ಟು ಬರುವಂತೆ ಲೋಹಕ್ಕೂ ಅದರದೇ ಆದ ರೋಗ ಬರುತ್ತದೆ.

ಫ್ರಿಜ್ಜಿನ ವಿಷಯ ಹೇಳುವ ಮೊದಲು ಬೇರೊಂದನ್ನು ಹೇಳಬೇಕು. ಅದೇ ಮೊದಲು ಸರಿಯಾಗಬೇಕಾಗಿದ್ದದ್ದು.

ಬಾಗಿಲ ಹಿಡಿ ಜುಮ್ಮೆಂದ ದಿನ

ಬ್ಯಾಟರಿ ಚಾರ್ಜ್ ಆಗಲೆಂದು ಎರಡನೆಯ ದಿನ ಬೆಳಿಗ್ಗೆ ಪಂಪ್ ಹೌಸಿನಿಂದ ವೈರ್ ಎಳೆದು ಗಾಡಿಗೆ ಕರೆಂಟ್ ಕೊಟ್ಟೆ. ಹತ್ತು ಗಂಟೆಯ ಹೊತ್ತಿಗೆ ಕಣದಲ್ಲಿ ಕಾಫಿ ತಿರುವುತ್ತಿದ್ದ ಹಿರಿಯ ಹೆಂಗಸೊಬ್ಬರು ನೆರಳಿಗೆಂದು ಬಂದು ಬಾಗಿಲ ಹಿಡಿಯ ಮೇಲೆ ಕೈ ಇಟ್ಟವರು ಬೆಚ್ಚಿ ಹಿಂದೆ ಸರಿದರು. "ಗೌಡರೇ, ಗಾಡಿ ಕೈಗೆ ಜುಮ್ ಎನ್ನುತ್ತದೆ" ಎಂದರು. ಅವರ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಕಣವನ್ನು ಆಗಷ್ಟೇ ತೊಳೆದಿದ್ದರಿಂದ ನೆಲ ಒದ್ದೆ. ನಾನು ರಬ್ಬರ್ ಬೂಟಿನಲ್ಲಿದ್ದೆ, ಹಾಗಾಗಿ ಬೆಳಗಿನಿಂದ ಹತ್ತು ಸಲ ಅದೇ ಹಿಡಿಯನ್ನು ಹಿಡಿದಿದ್ದರೂ ನನಗೆ ಏನೂ ತಿಳಿದಿರಲಿಲ್ಲ.

ಓಡಿಹೋಗಿ ಪಂಪ್ ಹೌಸಿನ ಸ್ವಿಚ್ ಆರಿಸಿ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಬಂದೆ. ಆ ಸಂಜೆ ಊಟ ಸೇರಲಿಲ್ಲ. ನನ್ನ ಗಾಡಿ, ನನ್ನ ಕಣ, ನಾನು ಎಳೆದ ವೈರು. ಇನ್ನೊಬ್ಬರಿಗೆ ಏನಾದರೂ ಆಗಿದ್ದರೆ? ಎಲ್ಲ ಸರಿಯಾಗುವ ತನಕ ಗಾಡಿಗೆ 230 ವೋಲ್ಟ್ ಮುಟ್ಟಿಸುವುದಿಲ್ಲ ಎಂದು ತೀರ್ಮಾನಿಸಿ ಪ್ಲಗ್ಗನ್ನು ಮನೆಯ ಬೀರುವಿನಲ್ಲಿ ಇಟ್ಟೆ.

ಹನ್ನೆರಡು ವೋಲ್ಟಿನ ಕೆಲಸವನ್ನು ಹೊಸಬರು ಕಲಿತು ಮಾಡಬಹುದು, ಬ್ಯಾಟರಿ ಮತ್ತು ಫ್ಯೂಸಿನ ವಿಷಯದಲ್ಲಿ ಎಚ್ಚರ ಇದ್ದರಾಯಿತು. ಮೇನ್ಸ್ ಕರೆಂಟಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರದು. ಚಿಕ್ಕಮಗಳೂರಿನಿಂದ ಒಬ್ಬರನ್ನು ಕರೆಸಿದೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದುತ್ತಿರುವ ತಮ್ಮನ ಮಗನೂ ರಜೆ ಹಾಕಿ ಜೊತೆಗೆ ನಿಂತ.

ಎಲೆಕ್ಟ್ರಿಷಿಯನ್ ಪರೀಕ್ಷೆಗಷ್ಟೇ ಗಾಡಿಗೆ ಕರೆಂಟ್ ಕೊಟ್ಟು, ಮೊದಲು ಮೀಟರಿನ ಒಂದು ತುದಿಯನ್ನು ಬಾಗಿಲ ಹಿಡಿಗೂ ಇನ್ನೊಂದನ್ನು ನೆಲಕ್ಕೆ ಬಡಿದ ಕಬ್ಬಿಣದ ಸರಳಿಗೂ ಇಟ್ಟರು. 96 ವೋಲ್ಟ್. ನನ್ನ ಎದೆ ಧಸಕ್ಕೆಂದಿತು. ಅವರು ಮಾತ್ರ ನಿಧಾನವಾಗಿ ಚೀಲದಿಂದ ಹೋಲ್ಡರಿಗೆ ಸಿಕ್ಕಿಸಿದ ಅರವತ್ತು ವಾಟಿನ ಹಳೆಯ ಬಲ್ಬ್ ತೆಗೆದು ಅದೇ ಎರಡು ಜಾಗಗಳ ನಡುವೆ ಸೇರಿಸಿದರು. ಬಲ್ಬು ಹೊತ್ತಲಿಲ್ಲ. ಮೀಟರು ಸೊನ್ನೆಯ ಹತ್ತಿರಕ್ಕೆ ಬಿತ್ತು.

"ಇದು ಸೋರಿಕೆ ಸಾರ್, ಫೇಸ್ ನೇರವಾಗಿ ಮೈಗೆ ತಾಗಿಲ್ಲ" ಎಂದರು. ಬ್ಯಾಟರಿ ಚಾರ್ಜರಿನ ಒಳಗೆ ಫೇಸಿನಿಂದ ಮೈಗೂ ನ್ಯೂಟ್ರಲಿನಿಂದ ಮೈಗೂ ಸಣ್ಣ ಕೆಪಾಸಿಟರುಗಳು ಇರುತ್ತವೆ. ಅರ್ಥಿಂಗ್ ಇದ್ದರೆ ಅವುಗಳಿಂದ ಜಿನುಗುವ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಗಾಡಿಯ ಮೈ ಫೇಸಿಗೂ ನ್ಯೂಟ್ರಲಿಗೂ ನಡುವೆ ಎಲ್ಲೋ ತೇಲುತ್ತದೆ, ಬರಿಗಾಲಿನವರು ಮುಟ್ಟಿದಾಗ ಜುಮ್ಮೆನ್ನುತ್ತದೆ. ಅಷ್ಟು ಕರೆಂಟು ಪ್ರಾಣ ತೆಗೆಯುವಂಥದ್ದಲ್ಲ. ಆದರೆ ಅದು ಹೇಳುವ ಸಂಗತಿ ಭಯಂಕರ: ಗಾಡಿಗೆ ಅರ್ಥಿಂಗ್ ಇಲ್ಲವೇ ಇಲ್ಲ. ನಾಳೆ ನಿಜವಾಗಿಯೇ ಒಂದು ಫೇಸ್ ವೈರ್ ಸವೆದು ತಗಡಿಗೆ ತಾಗಿದರೆ ಯಾವ ಫ್ಯೂಸೂ ಹಾರುವುದಿಲ್ಲ. ಗಾಡಿ ಪೂರ್ತಿ 230 ವೋಲ್ಟಿನಲ್ಲಿ ಸುಮ್ಮನೆ ನಿಂತಿರುತ್ತದೆ.

ಅರ್ಥಿಂಗ್ ತಪ್ಪಿಹೋದದ್ದು ಒಂದೇ ಕಡೆಯಲ್ಲ. ನಾನು ಎಳೆದಿದ್ದ ನಲವತ್ತು ಮೀಟರ್ ವೈರಿನಲ್ಲಿ ಇದ್ದದ್ದು ಎರಡೇ ಎಳೆ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಕೇವಲ ಶೋಭೆಗೆ. ಪಂಪ್ ಹೌಸಿನ ಸಾಕೆಟ್ಟಿನಲ್ಲಿ ಫೇಸ್ ಎಡಕ್ಕಿತ್ತು, ನಮ್ಮ ಸಾಕೆಟ್ಟುಗಳಲ್ಲಿ ಅದು ಎದುರಿನಿಂದ ನೋಡುವವರ ಬಲಕ್ಕಿರಬೇಕು. ಅದಲು ಬದಲಾದರೆ ಗಾಡಿಯೊಳಗಿನ ಸ್ವಿಚ್ಚುಗಳು ಫೇಸಿಗೆ ಬದಲಾಗಿ ನ್ಯೂಟ್ರಲನ್ನು ಕಡಿಯುತ್ತವೆ, ಆರಿಸಿದ ಗೀಸರಿನಲ್ಲೂ ಫೇಸ್ ಕುಳಿತೇ ಇರುತ್ತದೆ. ಇನ್ನು ಪಂಪ್ ಹೌಸಿನ ಅರ್ಥ್ ಪೈಪು ಎಷ್ಟೋ ವರ್ಷಗಳಿಂದ ನೀರು ಕಾಣದೆ ಒಣಗಿತ್ತು. ಅವರು ಅದೇ ಬಲ್ಬನ್ನು ಫೇಸಿಗೂ ಆ ಅರ್ಥಿಗೂ ನಡುವೆ ಹಿಡಿದಾಗ ಬಲ್ಬಿನ ತಂತಿ ಬೀಡಿಯ ತುದಿಯಷ್ಟು ಮಾತ್ರ ಕೆಂಪಾಯಿತು. ಈ ಪರೀಕ್ಷೆಯನ್ನು ದಯವಿಟ್ಟು ಯಾರೂ ತಾವಾಗಿ ಮಾಡಬೇಡಿ. ನಾನೂ ದೂರ ನಿಂತೇ ನೋಡಿದೆ.

ಎರಡು ದಿನದ ಕೆಲಸವಾಯಿತು. ಹೊಸ ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ ನೀರು ಹೊಯ್ದೆವು. ಎರಡೂವರೆ ಸ್ಕ್ವೇರ್ ಎಂಎಂನ ಮೂರು ಎಳೆಯ ಕೇಬಲ್ ಬಂತು, ಅದರ ಹಸಿರು ಎಳೆ ಗಾಡಿಯ ಚಾಸಿಗೆ ಬಿಗಿಯಾಗಿ ಕೂತಿತು. ಗಾಡಿಯ ಬಾಯಿಯಲ್ಲೇ ಮೂವತ್ತು ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿದರು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸು ಬರುತ್ತಿದೆಯೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ; ಮೂವತ್ತು ಮಿಲಿ ಆಂಪಿಯರಿನಷ್ಟು ಬೇರೆ ದಾರಿಯಲ್ಲಿ ಸೋರಿದರೂ ಕ್ಷಣಾರ್ಧದಲ್ಲಿ ಕಡಿಯುತ್ತದೆ. ಎಂಸಿಬಿ, ಎಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, ಈ ಕೆಲಸ ಮಾಡುವುದಿಲ್ಲ. ಅದಿರುವುದು ವೈರು ಸುಡದಂತೆ ಕಾಯಲು, ಇದು ಮನುಷ್ಯರನ್ನು ಕಾಯಲು. ಹಳೆಯ ಗಾಡಿ ಕೊಂಡವರು ಬೇರೆ ಯಾವುದಕ್ಕೆ ಖರ್ಚು ಮಾಡುವ ಮೊದಲೂ ಇದೊಂದಕ್ಕೆ ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಆರ್‌ಸಿಸಿಬಿ ಕೂಡಿಸಿದ ಅರ್ಧ ಗಂಟೆಯಲ್ಲೇ ತನ್ನ ಕೆಲಸ ತೋರಿಸಿತು. ಗೀಸರ್ ಹಾಕಿದರೆ ಟಪ್ ಎಂದು ಬೀಳುತ್ತದೆ. ಮತ್ತೆ ಎತ್ತಿದರೆ ಮತ್ತೆ ಟಪ್. ಗೀಸರಿನ ಎರಡೂ ವೈರ್ ಬಿಚ್ಚಿ, ಸೋರಿಕೆ ತಡೆಯುವ ಶಕ್ತಿ ಎಷ್ಟಿದೆ ಎಂದು ಅಳೆಯುವ ಮೆಗ್ಗರ್ ಹಿಡಿದರೆ ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ. ಹೀಟರ್ ಕಾಯಿಲಿನ ತಂತಿಯ ಸುತ್ತ ತುಂಬಿರುವ ಬಿಳಿಯ ಪುಡಿ ಮೆಗ್ನೀಸಿಯಂ ಆಕ್ಸೈಡ್, ಅದು ತೇವ ಹೀರುತ್ತದೆ. ತುದಿಯ ಸೀಲು ಸ್ವಲ್ಪ ಬಿರುಕು ಬಿಟ್ಟಿದ್ದರೆ ಒಂದು ಮಳೆಗಾಲ ಸಾಕು. ಕೆಲವು ಸಲ ಕಾಯಿಲನ್ನು ಹೊರತೆಗೆದು ನಿಧಾನವಾಗಿ ಒಣಗಿಸಿದರೆ ಚೇತರಿಸಿಕೊಳ್ಳುತ್ತದೆ. ನಮ್ಮದನ್ನು ಎರಡು ದಿನ ಕಣದ ಬಿಸಿಲಿನಲ್ಲಿಟ್ಟರೂ ಮುಳ್ಳು ಅಲ್ಪ ಸ್ವಲ್ಪವೇ ಎದ್ದಿತು. ಅಂಥದ್ದನ್ನು ಮತ್ತೆ ನೀರಿಗೆ ಇಳಿಸಲು ಮನಸ್ಸಾಗಲಿಲ್ಲ, ಹೊಸ ಕಾಯಿಲ್ ಹಾಕಿಸಿದೆ.

ಪ್ಲಗ್ಗು ಬೀರುವಿನಿಂದ ಹೊರಬಂದ ದಿನ ಆ ಹೆಂಗಸನ್ನು ಕರೆದು, ಮೊದಲು ನಾನು ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಹಿಡಿ ಮುಟ್ಟಿ ತೋರಿಸಿದೆ. ಅವರು ಅಂಗೈ ಊರಿ, ಸ್ವಲ್ಪ ಹೊತ್ತು ಇಟ್ಟು, "ಈಗ ಏನೂ ಇಲ್ಲ" ಎಂದರು.

ಬ್ಯಾಟರಿ ಅಂಗಡಿ

ಇನ್ನು ಫ್ರಿಜ್ಜು ಮತ್ತು ಮಂಕು ದೀಪಗಳ ಕಡೆಗೆ.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಬ್ಯಾಟರಿ ಸತ್ತಿದೆ, ಬದಲಾಯಿಸಿ. ನನಗೂ ಹಾಗೇ ಅನ್ನಿಸಿತ್ತು. ಬ್ಯಾಟರಿಯನ್ನು ಜೀಪಿಗೆ ಹಾಕಿಕೊಂಡು ಚಿಕ್ಕಮಗಳೂರಿನ ಒಂದು ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ಮೀಟರ್ ಮುಟ್ಟಲೇ ಇಲ್ಲ. ದನದ ಕೊಂಬಿನಂತೆ ಎರಡು ದಪ್ಪ ಮೊನೆಗಳಿರುವ ಒಂದು ಹಿಡಿಯನ್ನು ತಂದು ಎರಡು ಟರ್ಮಿನಲ್ಲುಗಳ ಮೇಲೆ ಒತ್ತಿ ಹಿಡಿದರು. ಹಿಡಿಯ ನಡುವಿನ ಪಟ್ಟಿ ಕಾದು ಹೊಗೆಯಾಡುವಂತಾಯಿತು, ಸುತ್ತ ಬಿಸಿ ಕಬ್ಬಿಣದ ವಾಸನೆ. ಹತ್ತು ಎಣಿಸುವಷ್ಟು ಹೊತ್ತು ಅವರ ಕಣ್ಣು ಮುಳ್ಳಿನ ಮೇಲೆಯೇ ಇತ್ತು. ನೂರು ಆಂಪಿಯರಿನ ಆಸುಪಾಸು ಎಳೆಯುತ್ತಿದ್ದರೂ ಮುಳ್ಳು ಹತ್ತರ ಮೇಲೆಯೇ ಅಲುಗಾಡದೆ ನಿಂತಿತು. ಆರು ಕೋಶಗಳ ಮುಚ್ಚಳ ತೆಗೆದು ಹೈಡ್ರೋಮೀಟರಿನಲ್ಲಿ ಆ್ಯಸಿಡ್ ಎಳೆದು ನೋಡಿದರು; ಆರೂ ಒಂದೇ ಮಟ್ಟ. ಎರಡು ಕೋಶಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಮುಚ್ಚಿದರು.

"ಬ್ಯಾಟರಿ ಚೆನ್ನಾಗಿದೆ ಅಣ್ಣ. ತೊಗೊಂಡು ಹೋಗಿ. ಇದರಿಂದ ಆಚೆ ಹುಡುಕಿ" ಎಂದರು. ಹೊಸ ಬ್ಯಾಟರಿ ಮಾರಬಹುದಾಗಿದ್ದ ಮನುಷ್ಯ ನೀರಿನ ದುಡ್ಡು ಮಾತ್ರ ತೆಗೆದುಕೊಂಡರು. ಅವರ ಆ ಒಂದು ಪರೀಕ್ಷೆ ನನಗೆ ಇಡೀ ಕೆಲಸದ ದಾರಿ ತೋರಿಸಿತು. ಕೆಲಸ ಕೊಡದೆ ವೋಲ್ಟೇಜ್ ಕೇಳಬಾರದು. ಎಲೆಕ್ಟ್ರಿಷಿಯನ್ನರ ಬಲ್ಬು ಹೇಳಿದ್ದೂ ಅದನ್ನೇ. ಅಲ್ಲಿ 96 ವೋಲ್ಟ್ ಬಲ್ಬಿನ ಮುಂದೆ ಸೊನ್ನೆಯಾಗಿತ್ತು.

ಇದರ ಕಾರಣ ಸರಳ. ಡಿಜಿಟಲ್ ಮೀಟರು ತಾನು ಅಳೆಯುವ ಜಾಗದಿಂದ ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ. ಹತ್ತು ಎಳೆಯ ತಂತಿಯಲ್ಲಿ ಒಂಬತ್ತು ತುಂಡಾಗಿ ಒಂದು ಎಳೆ ಉಳಿದಿದ್ದರೂ ಅದರ ತುದಿಯಲ್ಲಿ ಮೀಟರು ಪೂರ್ತಿ 12.5 ತೋರಿಸುತ್ತದೆ. ಫ್ರಿಜ್ಜು ನಾಲ್ಕೈದು ಆಂಪಿಯರ್ ಕೇಳಿದಾಗಲೇ ಆ ಬಡ ಎಳೆಯ ಬಣ್ಣ ಬಯಲಾಗುವುದು. ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿಯೇ ಇರುತ್ತದೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ವೋಲ್ಟ್ ಎಲ್ಲಿ ಹೋಯಿತು

ಫ್ರಿಜ್ಜನ್ನೇ ಓಡಿಸಿ ಅಳೆಯೋಣವೆಂದರೆ ಅದು ಕೆಲವು ಸೆಕೆಂಡಿನಲ್ಲಿ ವೋಲ್ಟೇಜ್ ಸಾಲದೆಂದು ನಿಂತುಬಿಡುತ್ತಿತ್ತು. ಆದ್ದರಿಂದ ಜೀಪಿನ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ತೆಗೆದು, 55 ವಾಟಿನ ಎಳೆಗೆ ಎರಡು ವೈರ್ ಬೆಸುಗೆ ಹಾಕಿ, ಫ್ರಿಜ್ ಸಾಕೆಟ್ಟಿಗೆ ಹೊಂದುವ ಪ್ಲಗ್ ಕೂಡಿಸಿದೆ. ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಫ್ರಿಜ್ಜಿನಷ್ಟೇ. ಬಲ್ಬು ಕೈ ಸುಡುವಷ್ಟು ಕಾಯುವುದರಿಂದ ಒಂದು ಹೆಂಚಿನ ಮೇಲೆ ಇಟ್ಟುಕೊಂಡೆ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಆರಿಸಿ, ಬಲ್ಬ್ ಹಾಕಿದೆ. ಬ್ಯಾಟರಿಯ ಟರ್ಮಿನಲ್ಲಿನಲ್ಲಿ 12.52. ಫ್ರಿಜ್ ಸಾಕೆಟ್ಟಿನಲ್ಲಿ 10.87. ನಡುವೆ 1.65 ವೋಲ್ಟ್ ಎಲ್ಲೋ ಮಾಯ.

ಈಗ ಹುಡುಕುವ ಕ್ರಮ. ಐದು ಮೀಟರ್ ತೆಳು ವೈರೊಂದನ್ನು ಮೀಟರಿನ ಕಪ್ಪು ತುದಿಗೆ ಉದ್ದಕ್ಕೆ ಸೇರಿಸಿದೆವು. ಹುಡುಗ ಒಂದು ಕೊನೆಯನ್ನು ಬ್ಯಾಟರಿಯ ಪ್ಲಸ್ಸಿಗೆ ಹಿಡಿದು ಕುಳಿತ. ನಾನು ಇನ್ನೊಂದು ಕೊನೆ ಹಿಡಿದು ಪ್ಲಸ್ ವೈರಿನ ದಾರಿಯಲ್ಲೇ ಮುಂದೆ ಸಾಗಿದೆ. ಪ್ಲಸ್ಸಿನಿಂದ ಪ್ಲಸ್ಸಿಗೆ ಅಳೆದರೆ ಮೀಟರು ಸೊನ್ನೆ ತೋರಿಸಬೇಕು. ಅಲ್ಲಿ ಕಂಡ ಪ್ರತಿ ಅಂಕಿಯೂ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್.

ಫ್ಯೂಸ್ ಹೋಲ್ಡರ್ ದಾಟಿದ ಮೇಲೆ 0.18. ಹೋಲ್ಡರಿನ ಕಚ್ಚು ಸಡಿಲವಾಗಿತ್ತು. ಅದರಲ್ಲಿದ್ದ ಫ್ಯೂಸು ಹಸಿರು ಬಣ್ಣದ್ದು, ಎಂದರೆ 30 ಆಂಪಿಯರ್. ಅದು ಕಾಯಬೇಕಾಗಿದ್ದ ವೈರು ಒಂದೂವರೆ ಸ್ಕ್ವೇರ್ ಎಂಎಂನದ್ದು. ಹಿಂದಿನವರು ಯಾವಾಗಲೋ ಫ್ಯೂಸು ಪದೇ ಪದೇ ಹಾರುತ್ತದೆಂದು ದೊಡ್ಡದನ್ನು ಹಾಕಿರಬೇಕು. ಫ್ಯೂಸು ಇರುವುದು ವೈರಿನ ರಕ್ಷಣೆಗೆ; ಆ ವೈರಿಗೆ 30 ಆಂಪಿಯರಿನ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರೇ ಕಾದು ಕರಗುತ್ತದೆ. ಹಾಸಿಗೆಯ ಕೆಳಗೆ, ಪ್ಲೈವುಡ್ಡಿಗೆ ಅಂಟಿಕೊಂಡು. ಅದನ್ನು ಅಲ್ಲೇ ಕಿತ್ತು ನೀಲಿ ಬಣ್ಣದ 15 ಆಂಪಿಯರ್ ಹಾಕಿದ ಮೇಲೆಯೇ ಮುಂದೆ ಹೋದೆ.

ಹೋಲ್ಡರಿನಿಂದ ಸಾಕೆಟ್ಟಿನವರೆಗಿನ ವೈರಿನಲ್ಲಿ 0.42. ಇದರಲ್ಲಿ ಯಾವ ರೋಗವೂ ಇಲ್ಲ, ವೈರು ತೆಳುವಾದದ್ದೇ ದೋಷ. ಒಂದೂವರೆ ಸ್ಕ್ವೇರ್ ಎಂಎಂನ ತಾಮ್ರದ ಎಳೆವೈರಿಗೆ ಕಿಲೋಮೀಟರಿಗೆ ಸುಮಾರು 13.3 ಓಮ್. ಗಾಡಿಯ ಗೋಡೆ ಸುತ್ತಿ ಹೋಗುವ ಉದ್ದ ಏಳು ಮೀಟರ್. ಗುಣಿಸಿದರೆ 0.093 ಓಮ್, ನಾಲ್ಕೂವರೆ ಆಂಪಿಯರಿಗೆ 0.42 ವೋಲ್ಟ್. ಕಾಗದದ ಮೇಲೆ ಹಾಕಿದ ಲೆಕ್ಕ ಮೀಟರಿನ ಅಂಕಿಯ ಜೊತೆ ಕೂಡಿಬಂದಾಗ ಹುಡುಗ ನನ್ನ ಕೈಯಿಂದ ನೋಟ್ ಪುಸ್ತಕ ಕಿತ್ತುಕೊಂಡು ಮತ್ತೊಮ್ಮೆ ಗುಣಿಸಿ ನೋಡಿದ. ಮನೆಯ 230 ವೋಲ್ಟಿನಲ್ಲಿ ಇಷ್ಟು ನಷ್ಟ ಯಾರ ಗಮನಕ್ಕೂ ಬರುವುದಿಲ್ಲ, ಹನ್ನೆರಡರಲ್ಲಿ ಹೊರೆಯಾಗುತ್ತದೆ.

ಎರಡನ್ನೂ ಕೂಡಿದರೆ 0.60. ಕಳೆದದ್ದು 1.65. ಉಳಿದದ್ದು ಎಲ್ಲಿ?

ಮೈನಸ್ಸಿನ ದಾರಿಯಲ್ಲಿ. ಕರೆಂಟು ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ವಾಪಸು ಬರುವ ದಾರಿಯನ್ನು ನೋಡುವವರು ಕಡಿಮೆ. ಈ ಗಾಡಿಯಲ್ಲಿ ಸಾಕೆಟ್ಟಿನ ಮೈನಸ್ ಒಂದು ಮೊಳದ ವೈರಿನಲ್ಲಿ ಚಾಸಿಗೆ ಸೇರಿ, ಚಾಸಿಯ ಕಬ್ಬಿಣದ ಮೂಲಕವೇ ಬ್ಯಾಟರಿಯವರೆಗೆ ಬರುತ್ತದೆ. ಹುಡುಗ ಈಗ ಬ್ಯಾಟರಿಯ ಮೈನಸ್ಸಿಗೆ ತುದಿ ಹಿಡಿದ. ನಾನು ಚಾಸಿಯ ಒಂದು ಜಾಗದಲ್ಲಿ ಬಣ್ಣ ಕೆರೆದು ಮುಟ್ಟಿಸಿದೆ. ಒಂದು ವೋಲ್ಟ್. ಎರಡು ಅಡಿ ಹತ್ತಿರಕ್ಕೆ ಬಂದರೂ ಒಂದು ವೋಲ್ಟ್. ಬ್ಯಾಟರಿಯ ಕಪ್ಪು ಕೇಬಲ್ ಚಾಸಿಗೆ ಸೇರುವ ಬೋಲ್ಟಿನ ಪಕ್ಕದ ಕಬ್ಬಿಣ, ಆಗಲೂ ಒಂದು ವೋಲ್ಟ್. ಅದೇ ಬೋಲ್ಟಿನ ಕೆಳಗೆ ಕೇಬಲ್ಲಿನ ಕೊನೆಗೆ ಕೂಡಿಸಿದ ಲೋಹದ ಬಳೆ, ಎಂದರೆ ಲಗ್ಗಿನ ಮೇಲೆ ತುದಿ ಇಟ್ಟೆ. 0.02.

"ದೊಡ್ಡಪ್ಪ, ಒಂದು ಬೆರಳಿನ ಅಂತರ" ಎಂದ ಹುಡುಗ.

ಬೋಲ್ಟನ್ನು ಮುಟ್ಟಿ ನೋಡಿದೆ. ಚಾಸಿಯ ಉಳಿದ ಭಾಗವೆಲ್ಲ ಡಿಸೆಂಬರ್ ಬೆಳಗಿನ ಚಳಿಗೆ ತಣ್ಣಗಿತ್ತು, ಬೋಲ್ಟು ಮಾತ್ರ ಬೆಚ್ಚಗೆ. ನಾಲ್ಕೂವರೆ ಆಂಪಿಯರ್, ಒಂದು ವೋಲ್ಟ್: ನಾಲ್ಕೂವರೆ ವಾಟಿನ ಶಾಖ ಆ ಒಂದು ಬೋಲ್ಟಿನಲ್ಲೇ ಹುಟ್ಟುತ್ತಿತ್ತು. ಪಂಪಿನ ಮೈನಸ್ಸೂ ದೀಪಗಳ ಮೈನಸ್ಸೂ ಇದೇ ಬೋಲ್ಟಿನ ಮೂಲಕ ಬರುತ್ತವೆ. ಪಂಪು ಇನ್ನೊಂದು ನಾಲ್ಕು ಆಂಪಿಯರ್ ಎಳೆದಾಗ ಇಲ್ಲಿನ ನಷ್ಟ ಎರಡು ವೋಲ್ಟಿಗೆ ಹತ್ತಿರವಾಗುತ್ತದೆ. ದೀಪ ಮಂಕಾಗುತ್ತಿದ್ದದ್ದೂ ಇಲ್ಲಿಂದಲೇ.

ಬೋಲ್ಟ್ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿದೆ. ಕಳಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರು ಚಾಸಿಗೆ ತಾಗಿದರೆ ಸ್ಪ್ಯಾನರು ಅಲ್ಲೇ ಬೆಸೆದುಕೊಂಡು ಕೆಂಪಾಗುತ್ತದೆ, ಬ್ಯಾಟರಿಯಿಂದ ಹೊರಟ ಹೈಡ್ರೋಜನ್ ಸುತ್ತ ಇದ್ದರೆ ಆ ಕಿಡಿ ಸಾಕು. ಹಾಸಿಗೆಯ ಹಲಗೆ ಎತ್ತಿ, ಬಾಗಿಲು ತೆರೆದಿಟ್ಟು ಒಂದಷ್ಟು ಹೊತ್ತು ಗಾಳಿಯಾಡಲು ಬಿಟ್ಟೆವು.

ಬೋಲ್ಟು ಹೊರಬಂದಾಗ ಅದರ ಕೆಳಗಿನ ನೋಟ ಮರೆಯುವಂತಿಲ್ಲ. ಚಾಸಿಗೆ ಬಣ್ಣ ಬಳಿದ ಮೇಲೆಯೇ ಲಗ್ ಕೂಡಿಸಿದ್ದರು. ಕರೆಂಟಿಗೆ ದಾರಿ ಇದ್ದದ್ದು ಬೋಲ್ಟಿನ ತಿರುಪಿನ ಒಂದೆರಡು ಸುತ್ತಿನ ಮೂಲಕ ಮಾತ್ರ, ಅದನ್ನೂ ತುಕ್ಕು ತಿಂದಿತ್ತು. ಲಗ್ಗಿನ ಅಡಿಯಲ್ಲಿ ಹಸಿರು ಹಿಟ್ಟಿನಂಥ ಕಿಲುಬು. ನಮ್ಮ ಅಜ್ಜಿಯ ತಾಮ್ರದ ಹಂಡೆಯ ಕಂಠದಲ್ಲಿ ಮಳೆಗಾಲ ಕಳೆದ ಮೇಲೆ ಕಾಣುತ್ತಿದ್ದ ಅದೇ ಹಸಿರು. ಲಗ್ಗಿನಿಂದ ಎರಡು ಇಂಚು ವೈರಿನ ಸಿಪ್ಪೆ ಬಿಡಿಸಿದರೆ ಒಳಗಿನ ತಾಮ್ರ ಕಪ್ಪಾಗಿತ್ತು. ಎಳೆಗಳನ್ನು ಬಗ್ಗಿಸಿದರೆ ಒಣ ಕಡ್ಡಿಯಂತೆ ಮುರಿಯುತ್ತಿದ್ದವು. ತೇವ ಎಳೆಗಳ ಸಂದಿನಲ್ಲೇ ಮೇಲೇರುತ್ತಾ ಹೋಗುತ್ತದೆ.

ಹಂಡೆಯ ಕಿಲುಬಿಗೆ ಅಜ್ಜಿ ಹುಣಸೆಹಣ್ಣು ಹಾಕುತ್ತಿದ್ದರು. ಹುಡುಗ ಅದನ್ನೇ ಕೇಳಿದ. ಹುಳಿ ತಿಕ್ಕಿದರೆ ಹೊಳಪು ಬರುವುದು ನಿಜ, ಆದರೆ ಎಳೆಗಳ ನಡುವೆ ಉಳಿದ ಹುಳಿ ತಾಮ್ರವನ್ನು ಮತ್ತೆ ತಿನ್ನತೊಡಗುತ್ತದೆ. ಹಾಳಾದ ವೈರನ್ನು ಕೆಂಪು ತಾಮ್ರ ಕಾಣುವ ತನಕ ಕತ್ತರಿಸುವುದೇ ಸರಿ. ನಾವು ಕತ್ತರಿಸುತ್ತಾ ಹೋದೆವು. ಒಂದು ಗೇಣು ಹೋದರೂ ಕಪ್ಪೇ. ಕೊನೆಗೆ ಇಡೀ ಕೇಬಲ್ ಬದಲಾಯಿಸಿ ಹದಿನಾರು ಸ್ಕ್ವೇರ್ ಎಂಎಂನ ಹೊಸ ವೈರ್ ಹಾಕಿದೆ. ತವರ ಲೇಪಿಸಿದ ತಾಮ್ರದ ಲಗ್ಗನ್ನು ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ಎಳೆದು ನೋಡಿ, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಾಯಿ ಮುಚ್ಚಿದೆವು. ಚಾಸಿಯ ಬಣ್ಣವನ್ನು ಒಂದು ರೂಪಾಯಿಯಷ್ಟು ಅಗಲ ಎಮರಿ ಪೇಪರಿನಿಂದ ಕೆರೆದು ಕಬ್ಬಿಣ ಬೆಳ್ಳಗೆ ಹೊಳೆಯುವಂತೆ ಮಾಡಿ, ಲಗ್, ಹಲ್ಲಿನ ವಾಷರ್, ಹೊಸ ಬೋಲ್ಟ್ ಬಿಗಿದೆವು. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಲೋಹಕ್ಕೆ ಲೋಹ ಮೊದಲು ಗಟ್ಟಿಯಾಗಿ ಕೂರಬೇಕು, ಜಿಡ್ಡು ನೀರನ್ನು ದೂರವಿಡಲು ಮಾತ್ರ.

ಫ್ರಿಜ್ಜಿಗೆ ಚಾಸಿಯನ್ನು ನಂಬಿಕೊಳ್ಳದೆ ಪ್ಲಸ್ಸಿಗೂ ಮೈನಸ್ಸಿಗೂ ಬ್ಯಾಟರಿಯಿಂದಲೇ ಆರು ಸ್ಕ್ವೇರ್ ಎಂಎಂನ ಪ್ರತ್ಯೇಕ ವೈರ್ ಎಳೆದೆವು. ಈ ಒಂದು ಕೆಲಸಕ್ಕೆ ಪೂರ್ತಿ ಭಾನುವಾರ ಹೋಯಿತು, ಏಕೆಂದರೆ ಗೋಡೆಯ ಹಿಂದಿನ ಹಳೆಯ ದಾರಿಯಲ್ಲಿ ಇರುವೆಗಳು ಮಣ್ಣು ತುಂಬಿ ಗೂಡು ಕಟ್ಟಿದ್ದವು. ಮತ್ತೆ ಹೆಡ್‌ಲೈಟ್ ಬಲ್ಬು, ಮತ್ತೆ ಮೀಟರು. ಬ್ಯಾಟರಿಯಲ್ಲಿ 12.50, ಸಾಕೆಟ್ಟಿನಲ್ಲಿ 12.22. ಹೆಂಚಿನ ಮೇಲಿನ ಬಲ್ಬಿನ ಬೆಳಕು ಹಳದಿಯಿಂದ ಬಿಳಿಗೆ ತಿರುಗಿದ್ದು ಮೀಟರ್ ನೋಡದೆಯೇ ತಿಳಿಯುತ್ತಿತ್ತು. ಆ ರಾತ್ರಿ ಪಂಪು ಹಾಕಿ, ಆರಿಸಿ, ಮತ್ತೆ ಹಾಕಿ ದೀಪವನ್ನೇ ನೋಡುತ್ತಾ ಕುಳಿತಿದ್ದೆ. ದೀಪ ಕದಲಲಿಲ್ಲ. ಟ್ಯಾಂಕಿನ ನೀರು ಪೋಲಾಗುತ್ತದೆ ಎಂದು ಹೆಂಡತಿ ಬಂದು ಆರಿಸಿದಳು.

ಉಳಿದವು

ಗಾಡಿ ಸುಮ್ಮನೆ ನಿಂತಿದ್ದರೂ ನಾಲ್ಕು ದಿನಕ್ಕೆ ಬ್ಯಾಟರಿ ಅರ್ಧಕ್ಕೆ ಇಳಿಯುತ್ತಿತ್ತು. ಮೀಟರನ್ನು ಹತ್ತು ಆಂಪಿಯರಿನ ತೂತಿಗೆ ಬದಲಾಯಿಸಿ ಮೈನಸ್ ಕೇಬಲ್ಲಿನ ನಡುವೆ ಸೇರಿಸಿದಾಗ, ಎಲ್ಲ ಸ್ವಿಚ್ಚು ಆರಿಸಿದ್ದರೂ 0.6 ಆಂಪಿಯರ್ ಹೋಗುತ್ತಿತ್ತು. ದಿನಕ್ಕೆ ಹದಿನಾಲ್ಕು ಆಂಪಿಯರ್-ಅವರ್. ಒಂದೊಂದೇ ಫ್ಯೂಸ್ ಕಿತ್ತು ನೋಡಿದಾಗ ಮೂರನೆಯದಕ್ಕೆ ಅಂಕಿ ಸೊನ್ನೆಗೆ ಬಿತ್ತು: ಮೊಬೈಲ್ ಚಾರ್ಜ್ ಮಾಡಲೆಂದು ಹಿಂದಿನವರು ಬೀರುವಿನ ಹಿಂದೆ ಕೂಡಿಸಿದ್ದ ಸಣ್ಣ ಇನ್ವರ್ಟರ್ ಸದಾ ಚಾಲೂ ಇತ್ತು. ಅದಕ್ಕೊಂದು ಸ್ವಿಚ್ಚು ಹಾಕಿದೆ. ಹೀಗೆ ಅಳೆಯುವಾಗ ಪಂಪನ್ನೋ ಫ್ರಿಜ್ಜನ್ನೋ ಮರೆತು ಹಾಕಬೇಡಿ, ಮೀಟರಿನೊಳಗಿನ ಫ್ಯೂಸ್ ಹೋಗುತ್ತದೆ.

ಸೋಲಾರ್ ಪ್ಯಾನೆಲ್ ಕೆಟ್ಟಿರಲಿಲ್ಲ. ಮನೆಯ ಮುಂದಿನ ಸಿಲ್ವರ್ ಓಕ್ ಕೆಳಗೆ ನಿಂತಾಗ ಏನೂ ಬರುತ್ತಿರಲಿಲ್ಲ, ಕಣದ ಬಯಲಿಗೆ ಎಳೆದ ದಿನ ಚೆನ್ನಾಗಿ ಬಂತು. ಪ್ಯಾನೆಲ್ಲಿನ ಕೋಶಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದು ಕೊಂಬೆಯ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಕಾಫಿಗೆ ಬೇಕಾದ ನೆರಳು ಪ್ಯಾನೆಲ್ಲಿಗೆ ಆಗದು.

ಹಿಂದಿನ ದೀಪಗಳ ತೊಂದರೆ ರಸ್ತೆಯಲ್ಲಿ ಗೊತ್ತಾಯಿತು. ಹಿಂದೆ ಬರುತ್ತಿದ್ದ ಬೈಕಿನವರು ಅಡ್ಡ ಹಾಕಿ, ಬ್ರೇಕ್ ಒತ್ತಿದಾಗ ಎರಡೂ ಕಡೆಯ ಇಂಡಿಕೇಟರ್ ಮಿಣುಕುತ್ತವೆ, ಬ್ರೇಕ್ ದೀಪ ಸರಿಯಾಗಿ ಹೊತ್ತುವುದಿಲ್ಲ ಎಂದರು. ದೀಪಗಳು ಒಂದರ ಕೆಲಸ ಇನ್ನೊಂದು ಮಾಡತೊಡಗಿದರೆ ಮೊದಲು ಅರ್ಥ್ ನೋಡಬೇಕೆಂಬುದು ಅಷ್ಟರಲ್ಲಿ ನನಗೆ ತಿಳಿದಿತ್ತು. ಜೀಪಿಗೂ ಗಾಡಿಗೂ ನಡುವಿನ ಏಳು ಪಿನ್ನಿನ ಪ್ಲಗ್ಗಿನಲ್ಲಿ ಮೂರನೆಯ ಪಿನ್ನು ಅರ್ಥಿನದು, ಬಿಳಿಯ ವೈರ್. ಪ್ಲಗ್ ಬಿಚ್ಚಿದರೆ ಆ ವೈರಿನ ಸ್ಕ್ರೂ ಸಡಿಲವಾಗಿ ವೈರ್ ಹೊರಬಂದಿತ್ತು. ಕರೆಂಟು ಎಳೆಯುವ ಕೊಕ್ಕೆಯ ಗುಂಡಿನ ಗ್ರೀಸ್ ದಾಟಿ ಬಂದಷ್ಟು ಬರುತ್ತಿತ್ತು, ಉಳಿದದ್ದು ಬೇರೆ ಬಲ್ಬುಗಳ ಮೂಲಕ ಹಿಂದಿರುಗುವ ದಾರಿ ಹುಡುಕುತ್ತಿತ್ತು. ಹತ್ತು ನಿಮಿಷದ ಕೆಲಸ. ಈ ಪ್ಲಗ್ಗಿಗೆ ಈಗ ಒಂದು ಪ್ಲಾಸ್ಟಿಕ್ ಡಬ್ಬಿಯ ಟೋಪಿ ಮಾಡಿ ಹಾಕಿದ್ದೇನೆ.

ಜನವರಿ ಎರಡನೆಯ ವಾರ. ಇಂದು ಬೆಳಿಗ್ಗೆ ಆರು ಗಂಟೆಗೆ, ಫ್ರಿಜ್ಜು ರಾತ್ರಿಯಿಡೀ ಓಡಿದ ಮೇಲೆ, ಬಲ್ಬ್ ಹಾಕಿ ಅಳೆದಾಗ ಬ್ಯಾಟರಿಯಲ್ಲಿ 12.31. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿದೆ, ಬಿತ್ತು. ತಿಂಗಳಿಗೊಮ್ಮೆ ಹೀಗೆ ನೋಡಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅರ್ಥ್ ಗುಂಡಿಗೆ ಎರಡು ಕೊಡ ನೀರು ಹೊಯ್ದಾಯಿತು. ಎಡಬದಿಯ ಸಣ್ಣ ದೀಪವೊಂದು ಇನ್ನೂ ಹೊತ್ತುತ್ತಿಲ್ಲ. ಅದರ ಮೈನಸ್ ವೈರು ಚಕ್ರದ ಕಮಾನಿನ ಹಿಂದೆ ಎಲ್ಲಿಗೋ ಹೋಗಿ ಮರೆಯಾಗುತ್ತದೆ. ಶನಿವಾರ ಹುಡುಗ ಬರುತ್ತಾನೆ, ಚಕ್ರ ಬಿಚ್ಚಿ ನೋಡುತ್ತೇವೆ.